ಪಾದ್ರಿಗಳ ಮೇಜಿನ ಮೇಲೆ ದಾಸರ ಪದ

ನಮ್ಮ ಮನೆಯಲ್ಲಿ ಒಂದು ದೊಡ್ಡ ಪುಸ್ತಕವಿದ್ದಿತು. ಅದನ್ನು ಎತ್ತಬೇಕಾದರೆ ಹುಡುಗರಾದ ನಮಗೆ ಎರಡು ಕೈಯೂ ಸಾಲುತ್ತಿರಲಿಲ್ಲ. ಧಾರವಾಡ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದ ನಮ್ಮ ಅಜ್ಜ, ತಮಗಿಂತ ಹಿರಿಯರಾದ ಇನ್ನೊಬ್ಬ ಮಾಸ್ತರರು ಕೆಲಸದಿಂದ ನಿವೃತ್ತರಾದಾಗ ಅವರಿಂದ ಅದನ್ನು ಅರ್ಧ ಬೆಲೆಗೆ ಕೊಂಡು, ಎತ್ತಿನ ಬಂಡಿಯಲ್ಲಿ ಜೋಳದ ಚೀಲಗಳ ನಡುವೆ ಇಟ್ಟುಕೊಂಡು ತಂದಿದ್ದರಂತೆ. ಕಿಟ್ಟೆಲ್ ಸಾಹೇಬರ ಕನ್ನಡ-ಇಂಗ್ಲಿಷ್ ನಿಘಂಟು ಅದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಬಿದ್ದದ್ದು, 1752 ಪುಟಗಳು. ನಮ್ಮ ಅಜ್ಜಿ ಅದನ್ನು ಒಂದು ದಿನವೂ ನಿಘಂಟು ಎಂದು ಕರೆದವಳಲ್ಲ. ಅವಳ ಪಾಲಿಗೆ ಅದು 'ಪಾದ್ರಿ ಪುಸ್ತಕ'.

"ಅದನ್ನ ದೇವರ ಮನಿ ಹತ್ರ ತರಬ್ಯಾಡ್ರಿ," ಎಂದು ಅವಳು ಒಮ್ಮೆ ಅಜ್ಜನಿಗೆ ಹೇಳಿದ್ದು ನನಗೆ ನೆನಪಿದೆ. ಮಳೆಗಾಲದಲ್ಲಿ ಪಡಸಾಲೆ ಸೋರುತ್ತಿದ್ದುದರಿಂದ ಅಜ್ಜ ಪುಸ್ತಕವನ್ನು ಒಳಗೆ ಒಯ್ಯುತ್ತಿದ್ದರು.

"ಇದರಾಗ ನಿನ್ನ ದಾಸರ ಪದದ ಮಾತೂ ಅದಾವ," ಎಂದರು ಅಜ್ಜ.

ಅಜ್ಜಿ ಒಂದು ಕ್ಷಣ ಯೋಚಿಸಿ, "ಹಂಗಿದ್ರ ಅಷ್ಟು ಹಾಳಿ ಹರದು ನನಗ ಕೊಡ್ರಿ, ಉಳಿದದ್ದು ಹೊರಗ ಇರ್ಲಿ," ಎಂದಳು.

ಈ ಮಾತಿಗೆ ನಾವೆಲ್ಲರೂ ನಕ್ಕೆವು. ಆದರೆ ಹಾಗೆ ಹರಿದು ಬೇರೆಮಾಡಲು ಬರುವ ಸಂಗತಿ ಅದಲ್ಲವೆಂಬುದು ನನಗೆ ತಿಳಿಯಲು ಬಹಳ ವರ್ಷಗಳು ಹಿಡಿದವು.

ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಒಂದು ಸಭೆಯಲ್ಲಿ ಮಾತನಾಡಬೇಕಾಗಿ ಬಂದಿತು. ವಿಷಯ, ಹತ್ತೊಂಬತ್ತನೆಯ ಶತಮಾನದ ಕನ್ನಡ. ವಯಸ್ಸಿನ ಬಿಸಿಯಲ್ಲಿ ನಾನು ಪಾದ್ರಿಗಳನ್ನು ಹಿಡಿದು ಜಾಡಿಸಿದೆ. ಅವರಿಗೆ ಬೇಕಾಗಿದ್ದುದು ನಮ್ಮ ಭಾಷೆಯಲ್ಲ, ನಮ್ಮ ಜನ. ಭಾಷೆ ಅವರಿಗೆ ಗಾಳದ ತುದಿಯ ಎರೆಹುಳು, ಎಂದೆ. ಚಪ್ಪಾಳೆ ಚೆನ್ನಾಗಿ ಬಿದ್ದಿತು. ಸಭೆ ಮುಗಿದ ಮೇಲೆ ಒಬ್ಬ ವೃದ್ಧರು ಹತ್ತಿರ ಬಂದರು. ತಲೆಗೆ ಬಿಳಿಯ ರುಮಾಲು, ಮೇಲೆ ಕರಿಯ ಕೋಟು. ಕ್ರೈಸ್ತ ಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಕಲಿಸಿದವರೆಂದು ಆಮೇಲೆ ತಿಳಿಯಿತು.

"ತಮ್ಮಾ, ಛಲೋ ಮಾತಾಡಿದಿ," ಎಂದರು. "ಸರ್ವಜ್ಞನ ವಚನ ಎರಡು ಸಲ ಹೇಳಿದಿ. ಯಾರು ಕೂಡಿಸಿದ ಪುಸ್ತಕದಾಗ ಓದಿದ್ದಿ?"

ನಾನು ಓದಿದ್ದುದು ನಮ್ಮ ಅಜ್ಜನ ಪೆಟ್ಟಿಗೆಯಲ್ಲಿದ್ದ ಪ್ರತಿ. ಅದರ ರಕ್ಷಾಪತ್ರ ಹರಿದುಹೋಗಿತ್ತು. ಯಾರು ಕೂಡಿಸಿದ್ದೋ ನನಗೆ ಗೊತ್ತಿಲ್ಲವೆಂದೆ. "ಹೋಗಿ ನೋಡು," ಎಂದಷ್ಟೇ ಹೇಳಿ ಅವರು ಕೊಡೆ ಬಿಚ್ಚಿಕೊಂಡು ಹೊರಟುಹೋದರು. ನಾನು ನೋಡಿದೆ. ಅದು ರೆವರೆಂಡ್ ಉತ್ತಂಗಿ ಚನ್ನಪ್ಪನವರು 1924ರಲ್ಲಿ ಹೊರತಂದ ಸಂಗ್ರಹ. ಪಾದ್ರಿಗಳನ್ನು ಬಯ್ಯುವುದಕ್ಕೆ ನಾನು ಎತ್ತಿಕೊಂಡಿದ್ದ ಸರ್ವಜ್ಞನನ್ನು ನನ್ನ ಕೈಗೆ ಕೊಟ್ಟವರು ಒಬ್ಬ ಪಾದ್ರಿ!

ಈ ಲೇಖನ ಒಂದು ರೀತಿಯಲ್ಲಿ ಆ ವೃದ್ಧರಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಕಥೆ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಿಂದ ಮೊದಲಾಗುತ್ತದೆ. ಅಲ್ಲಿ 1815ರಲ್ಲಿ ಒಂದು ಮಿಶನ್ ಸಂಘ ಏರ್ಪಟ್ಟಿತು. ಅದರಲ್ಲಿ ಸೇರಿದವರು ಬಹುಮಟ್ಟಿಗೆ ದಕ್ಷಿಣ ಜರ್ಮನಿಯ ಹಳ್ಳಿ, ಸಣ್ಣ ಊರುಗಳ ಜನ. ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ಇಂಗ್ಲಿಷರಲ್ಲದ ಮಿಶನರಿಗಳೂ ಕೆಲಸಮಾಡಲು 1833ರ ಸನ್ನದಿನಿಂದ ದಾರಿಯಾಯಿತು. ಮರುವರ್ಷವೇ, ಅಂದರೆ 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರಿಗೆ ಬಂದರು. ಇವರಿಗಿಂತ ಮೊದಲೇ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನವರು 1810ರಿಂದ ಇದ್ದರು. ಅವರಲ್ಲಿ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದವರು, ರೀವ್ 1832ರಲ್ಲಿ ಒಂದು ಕನ್ನಡ ನಿಘಂಟನ್ನು ಅಚ್ಚುಹಾಕಿಸಿದವರು. ಸೀರಾಮಪುರದ ಕೇರಿಯವರಂತೂ 1817ರಲ್ಲಿ ಬಂಗಾಳದಲ್ಲಿ ಕುಳಿತೇ ಕನ್ನಡಕ್ಕೊಂದು ವ್ಯಾಕರಣ ಬರೆದಿದ್ದರು. ಆದರೆ ಇವರೆಲ್ಲರ ಕೆಲಸ ನಮ್ಮ ಭಾಷೆಯ ಬಾಗಿಲವರೆಗೆ ಬಂದು ನಿಂತಂಥದು. ಮನೆಯ ಒಳಗೆ ಬಂದು, ಅಟ್ಟ ಹತ್ತಿ, ಅಲ್ಲಿ ಧೂಳು ಹಿಡಿದಿದ್ದ ಓಲೆಯ ಕಟ್ಟುಗಳನ್ನು ಬಿಚ್ಚಿದವರು 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೊಗ್ಲಿಂಗರು.

ಮೊಗ್ಲಿಂಗರು ಓದಿದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ. ಮಲೆಯಾಳದ ನಿಘಂಟಿನಿಂದ ಹೆಸರಾದ ಗುಂಡರ್ಟ್ ಅವರ ಸ್ನೇಹಿತರು. (ಈ ಗುಂಡರ್ಟರ ಮಗಳ ಮಗನೇ ನೊಬೆಲ್ ಬಹುಮಾನ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ.) ಮಂಗಳೂರಿನಲ್ಲಿ ಅವರು ಹುಡುಗರಿಗಾಗಿ ಒಂದು ಶಾಲೆ ತೆರೆದರು, ಬಂಗಲೆಯಲ್ಲಿ ದೊರೆಯಂತಿರದೆ ಹುಡುಗರೊಡನೆಯೇ ಇದ್ದು ಅವರ ಬಾಯಿಯಿಂದ ಕನ್ನಡ ಕಲಿತರು. ಪುಸ್ತಕದಿಂದ ಕಲಿತವನ ಕನ್ನಡಕ್ಕೂ ಹುಡುಗರೊಡನೆ ಉಂಡು ಕಲಿತವನ ಕನ್ನಡಕ್ಕೂ ಎಷ್ಟು ಅಂತರವೆಂಬುದನ್ನು ಶಾಲೆಯಲ್ಲಿ ಕಲಿಸಿದವರು ಬಲ್ಲರು.

1843ರ ಜುಲೈ 1ರಂದು ಮೊಗ್ಲಿಂಗರು 'ಮಂಗಳೂರ ಸಮಾಚಾರ' ಎಂಬ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಪಕ್ಷಕ್ಕೊಮ್ಮೆ ಬರುತ್ತಿದ್ದ ಇದೇ ಕನ್ನಡದ ಮೊದಲ ವೃತ್ತಪತ್ರಿಕೆ. ಈಗಲೂ ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಊರ ಸುದ್ದಿ, ಸರಕಾರದ ನಿರೂಪ, ಪರರಾಜ್ಯಗಳ ವರ್ತಮಾನ, ಬುದ್ಧಿಯ ಮಾತು, ಕಥೆ, ಇವುಗಳ ಜೊತೆಗೆ ದಾಸರ ಪದ! ಕ್ರಿಸ್ತನ ಸುವಾರ್ತೆ ಸಾರಲು ಬಂದವನ ಪತ್ರಿಕೆಯಲ್ಲಿ ಪುರಂದರದಾಸರಿಗೆ ಏನು ಕೆಲಸವೆಂದು ಓದುಗರು ಕೇಳಬಹುದು. ಮೊಗ್ಲಿಂಗರನ್ನು ಕೇಳಿದ್ದರೆ ಅವರು ಏನು ಹೇಳುತ್ತಿದ್ದರೋ ಹೇಳಲಾರೆ. ಆದರೆ ಓದುವ ಜನ ಮನೆಯಲ್ಲಿ ಹಾಡಿಕೊಳ್ಳುವುದನ್ನು ಬಿಟ್ಟು ಬೇರೊಂದನ್ನು ಹೇಳುವವನ ಪತ್ರಿಕೆಯನ್ನು ಆ ಜನ ಎರಡನೆಯ ಸಲ ಕೊಳ್ಳುವುದಿಲ್ಲವೆಂಬುದು ಅವರಿಗೆ ಗೊತ್ತಿದ್ದಿರಬೇಕು. ಮರುವರ್ಷ ಪತ್ರಿಕೆ ಬಳ್ಳಾರಿಯ ಮೊಳೆಯಚ್ಚಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಬಹಳ ಕಾಲ ಬಾಳಲಿಲ್ಲ.

ಇಷ್ಟನ್ನೇ ಹೇಳಿ ಮುಂದೆ ಹೋದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಅದೇ 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ದೊಡ್ಡ ಗಲಭೆಯಾಯಿತು. ಮೊಗ್ಲಿಂಗರ ಬಳಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಮನೆತನಗಳ ಮೂವರು ತರುಣರು ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತರಾದರು. ಅವರಲ್ಲಿ ಆನಂದರಾವ್ ಕೌಂಡಿನ್ಯರೆಂಬವರು ಮುಂದೆ ಬಾಸೆಲಿಗೆ ಹೋಗಿ ಓದಿ, ದೀಕ್ಷೆ ಪಡೆದು ಪಾದ್ರಿಯಾಗಿ ಮರಳಿದರು. ಊರು ಕೆರಳಿತು. ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಆ ದಿನ ಆ ಮೂರು ಮನೆಗಳಲ್ಲಿ ಒಲೆ ಹೊತ್ತಿರಲಾರದು. ಜೀವವಿರುವ ಮಗನನ್ನು ಸತ್ತನೆಂದು ಎಣಿಸಬೇಕಾಗಿ ಬಂದ ತಾಯಂದಿರ ಮಾತನ್ನು ಮಿಶನ್ನಿನ ವರದಿಗಳಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಆ ತರುಣರೂ ದಡ್ಡರಲ್ಲ. ಓದಿದವರು, ತಮ್ಮ ಮನಸ್ಸಿಗೆ ಒಪ್ಪಿದುದನ್ನು ಮಾಡಿದವರು. ಇಬ್ಬರ ನೋವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಧೈರ್ಯ ನನಗಿಲ್ಲ. ಪತ್ರಿಕೆ, ಶಾಲೆ, ದಾಸರ ಪದ, ದೀಕ್ಷಾಸ್ನಾನ, ಇವೆಲ್ಲ ಒಂದೇ ಮನುಷ್ಯನ ಒಂದೇ ಮನೆಯಿಂದ, ಕೆಲವೇ ತಿಂಗಳುಗಳಲ್ಲಿ ಹೊರಟವು ಎಂಬುದನ್ನು ಮಾತ್ರ ನೆನಪಿಡಬೇಕು. ಕಾಲೇಜಿನ ಸಭೆಯಲ್ಲಿ ನಾನು ಒಂದನ್ನು ಮರೆತು ಇನ್ನೊಂದನ್ನು ಹೇಳಿದ್ದೆ. ಈಗ ಕೆಲವರು ಇನ್ನೊಂದನ್ನು ಮರೆತು ಮೊದಲನೆಯದನ್ನು ಹೇಳುತ್ತಾರೆ.

ಇದಾದ ಮೇಲೆ ಬಂದ ಕೆಲಸವೇ ದೊಡ್ಡದು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಕಾಸಾಮೇಜರ್ ಎಂಬ ಇಂಗ್ಲಿಷ್ ಅಧಿಕಾರಿ ನಿವೃತ್ತರಾಗಿ ನೀಲಗಿರಿಯ ಕೇತಿಯಲ್ಲಿ ನೆಲಸಿದ್ದರು. ಕನ್ನಡದ ಹಳೆಯ ಗ್ರಂಥಗಳನ್ನು ಅಚ್ಚುಮಾಡಿಸಬೇಕೆಂಬ ಯೋಜನೆಗೆ ಅವರು ಹಣ ಕೊಟ್ಟರು. ಆ ಹಣದಿಂದ 1848ರಿಂದ 1853ರವರೆಗೆ ಮಂಗಳೂರಿನಲ್ಲಿ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆ ನಡೆಯಿತು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚನ್ನಬಸವಪುರಾಣ, ಕುಮಾರವ್ಯಾಸನ ಭಾರತದ ಭಾಗ, ಯಕ್ಷಗಾನದ ಪ್ರಸಂಗ, ದಾಸರ ಪದಗಳು. ಕಾಸಾಮೇಜರ್ 1849ರಲ್ಲೇ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಇದರಲ್ಲಿ ಕ್ರಿಸ್ತನ ಹೆಸರಿರುವ ಒಂದು ಪುಸ್ತಕವೂ ಇಲ್ಲ. ಅಲ್ಲಿಯವರೆಗೆ ಬಾಯಿಯಿಂದ ಬಾಯಿಗೆ, ತಂಬೂರಿಯಿಂದ ತಂಬೂರಿಗೆ ಬರುತ್ತಿದ್ದ ದಾಸರ ಪದಗಳು ಒಂದು ಸಂಗ್ರಹವಾಗಿ ಮೊದಲು ಅಚ್ಚಾದದ್ದು 1850ರಲ್ಲಿ, ಈ ಮಾಲೆಯಲ್ಲಿಯೇ. ನಮ್ಮ ಅಜ್ಜಿ ದೇವರ ಮನೆಯ ಹೊಸ್ತಿಲಲ್ಲಿ ಕುಳಿತು ಹಾಡುತ್ತಿದ್ದ ಪದ ಅವಳಿಗೆ ಅವಳ ತಾಯಿಯಿಂದ ಬಂದದ್ದು, ಅದಕ್ಕೆ ಅಚ್ಚಿನ ಹಂಗಿಲ್ಲ. ಆದರೆ ಊರೂರಿನಲ್ಲಿ ಬೇರೆಬೇರೆಯಾಗಿ ಹಾಡುತ್ತಿದ್ದುದನ್ನು ಒಂದೆಡೆ ಇಟ್ಟು ನೋಡಬಹುದೆಂದು ತೋರಿಸಿದವರು ಬಲ್ಮಠದ ಗುಡ್ಡದ ಮೇಲಿನ ಈ ಪಾದ್ರಿಗಳು.

ಈ ಪುಸ್ತಕಗಳೂ ಕಲ್ಲಚ್ಚಿನವು. ಕನ್ನಡದ ಮೊಳೆಗಳು ಆಗಿನ್ನೂ ಒರಟಾಗಿದ್ದವು. ಒತ್ತಕ್ಷರಗಳು ಮೇಲಿನ ಸಾಲಿನಿಂದ ಕಳಚಿಬಿದ್ದ ಹಾಗೆ ಕಾಣುತ್ತಿದ್ದವು. ಆದುದರಿಂದ ಒಳ್ಳೆಯ ಕೈಬರಹದವರನ್ನು ಕೂಡಿಸಿ, ಪುಟಪುಟವನ್ನೂ ಬರೆಯಿಸಿ, ಆ ಬರಹವನ್ನು ಕಲ್ಲಿಗಿಳಿಸಿ ಅಚ್ಚುಹೊಡೆಯುತ್ತಿದ್ದರು. ಜೈಮಿನಿಯ ಆ ಪ್ರತಿಯನ್ನು ನಾನು ಒಂದು ಗ್ರಂಥಾಲಯದಲ್ಲಿ ನೋಡಿದ್ದೇನೆ. ಗುಂಡಗಿನ ಅಕ್ಷರ, ಎಲ್ಲಿಯೂ ಕೈ ನಡುಗಿಲ್ಲ. ಯಾರ ಕೈ ಅದು? ಓಲೆಯ ಪ್ರತಿಗಳನ್ನು ಹುಡುಕಿ ತಂದವರಾರು, ಪಾಠ ತಿದ್ದಿದವರಾರು, ಸಾಹೇಬರಿಗೆ ಷಟ್ಪದಿಯನ್ನು ಬಿಡಿಸಿ ಅರ್ಥ ಹೇಳಿದ ಪಂಡಿತರಾರು? ಮುಖಪುಟದಲ್ಲಿ ಅವರ ಹೆಸರಿಲ್ಲ. ಮಿಶನರಿಗಳ ಮೇಲೆ ನನಗೆ ಇವತ್ತಿಗೂ ಉಳಿದಿರುವ ಸಿಟ್ಟು ಇದೊಂದೇ. ಆದರೆ ಆ ಕಾಲದ ನಮ್ಮ ಅರಮನೆಗಳ, ಮಠಗಳ ಲಿಪಿಕಾರರ ಹೆಸರೂ ಎಷ್ಟು ಉಳಿದಿದೆ ಎಂದು ಕೇಳಿದರೆ ನಾನು ತಲೆ ತಗ್ಗಿಸಬೇಕಾಗುತ್ತದೆ.

ಮೊಗ್ಲಿಂಗರಿಗೆ ಜೊತೆಯಾಗಿದ್ದವರು ಅವರ ಬಂಧು ವೈಗ್ಲೆ. ಕನ್ನಡ ಭಾಷೆ ಮತ್ತು ಸಾಹಿತ್ಯದ ವಿಷಯವಾಗಿ 1848ರಲ್ಲಿಯೇ ಜರ್ಮನಿಯ ಪೌರ್ವಾತ್ಯ ಸಂಘದ ಪತ್ರಿಕೆಯಲ್ಲಿ ಲೇಖನ ಬರೆದವರು. 1855ರಲ್ಲಿ ಅಕಾಲದಲ್ಲಿ ತೀರಿಹೋದರು. ಹೊಸ ಕನ್ನಡದ ಮೊಳೆಗಳನ್ನು 1851ರಲ್ಲಿ ಮಂಗಳೂರಿಗೆ ತಂದವರು ಪ್ಲೆಬ್‌ಸ್ಟ್ ಎಂಬ ಕುಶಲಕರ್ಮಿ. ಇದೇ ಪ್ಲೆಬ್‌ಸ್ಟರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನಮ್ಮ ಶಾಲೆಗಳ ಮಾಡಿಗೆ ಹೊದಿಸಿದ ಮಂಗಳೂರು ಹಂಚಿಗೂ ಆ ಮಾಡಿನ ಕೆಳಗೆ ಓದಿದ ಅಕ್ಷರಕ್ಕೂ ಒಂದೇ ಕೈ ತಗಲಿದೆಯೆಂದು ನೆನೆದರೆ ವಿಚಿತ್ರವೆನಿಸುತ್ತದೆ.

ಮೊಗ್ಲಿಂಗರು ಆಮೇಲೆ ಕೊಡಗಿಗೆ ಹೋದರು. ಅಲ್ಲಿಯ ಚರಿತ್ರೆಯನ್ನೂ ಬರೆದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಊರಿಗೆ ಮರಳಿದವರು ತಮ್ಮೊಡನೆ ದಾಸರನ್ನು ಕರೆದುಕೊಂಡೇ ಹೋದರೆನ್ನಬೇಕು. ಆ ದಶಕದಲ್ಲಿ ಅವರು ಮಾಡಿದ ದಾಸರ ಪದಗಳ ಜರ್ಮನ್ ಅನುವಾದ ಅಲ್ಲಿಯ ವಿದ್ವತ್ ಪತ್ರಿಕೆಯಲ್ಲಿ ಬಂದಿತು. ಮನೆಗೆ ಹೋದಮೇಲೆ ಯಾರನ್ನೂ ಮತಕ್ಕೆ ಸೇರಿಸುವುದಿಲ್ಲ. ಜರ್ಮನಿಯ ಒಬ್ಬ ಪ್ರೊಫೆಸರನನ್ನು ಪುರಂದರದಾಸರ ಪದದಿಂದ ಕ್ರೈಸ್ತನನ್ನಾಗಿ ಮಾಡುವ ಅಗತ್ಯವೂ ಇರಲಿಲ್ಲ. ಹಾಗಿದ್ದರೂ ಅನುವಾದ ಏಕೆ? 'ಗಾಳದ ಎರೆಹುಳು' ಎಂಬ ನನ್ನ ಹಳೆಯ ಉಪಮೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕಿಟ್ಟೆಲರ ವಿಷಯ ಎಲ್ಲರಿಗೂ ಗೊತ್ತು. ಆದುದರಿಂದ ಗೊತ್ತಿರುವುದನ್ನು ಬೇಗ ಹೇಳುತ್ತೇನೆ. ಉತ್ತರ ಜರ್ಮನಿಯ ಕಡಲಂಚಿನಲ್ಲಿ 1832ರಲ್ಲಿ ಹುಟ್ಟಿ, 21ನೆಯ ವಯಸ್ಸಿನಲ್ಲಿ, 1853ರಲ್ಲಿ ಇಲ್ಲಿಗೆ ಬಂದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿದರು. 1877ರಲ್ಲಿ ಸ್ವದೇಶಕ್ಕೆ ಹೋದವರು 1883ರಲ್ಲಿ ಮತ್ತೆ ಬಂದು ನಿಘಂಟಿನ ಕೆಲಸ ಮುಗಿಸಿ 1892ರಲ್ಲಿ ಕಡೆಯ ಸಲ ಮರಳಿದರು. ನಿಘಂಟು ಬಂದ ಎರಡು ವರ್ಷದ ಮೇಲೆ, 1896ರಲ್ಲಿ, ಟ್ಯೂಬಿಂಗೆನ್ ಅವರಿಗೂ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ನಾನು ಹೇಳಬೇಕೆಂದಿರುವುದು ಬೇರೆ. ಆ ನಿಘಂಟಿನ ಯಾವುದೇ ಪುಟ ತೆರೆದರೂ ಒಂದು ಸಂತೆಯ ಸದ್ದು ಕೇಳಿಸುತ್ತದೆ. ಕೇಶಿರಾಜನ ಸೂತ್ರಕ್ಕೆ ಸಿಕ್ಕಿದ ಹಳಗನ್ನಡದ ಶಬ್ದದ ಪಕ್ಕದಲ್ಲಿ ಒಕ್ಕಲಿಗನ ಗಾದೆ. ಮೊಗ್ಲಿಂಗರು ಅಚ್ಚುಮಾಡಿಸಿದ ಬಸವಪುರಾಣದ, ಜೈಮಿನಿಯ ಪ್ರಯೋಗದ ಬಳಿಯಲ್ಲಿ, ಈ ಮಾತು ಮೈಸೂರಿನದು, ಇದು ಧಾರವಾಡದ ಕಡೆಯದು ಎಂಬ ಗುರುತು. ತಮಿಳು, ತೆಲುಗು, ಮಲೆಯಾಳ, ತುಳುಗಳ ಬಂಧುತ್ವವೂ ಅಲ್ಲಿಯೇ. ಗ್ರಂಥಗಳಲ್ಲಿದ್ದರೆ ಮಾತ್ರ ಶಬ್ದ, ಉಳಿದದ್ದು ಗ್ರಾಮ್ಯವೆಂದು ನಮ್ಮ ಪಂಡಿತರಲ್ಲಿ ಅನೇಕರು ಎಣಿಸುತ್ತಿದ್ದ ಕಾಲದಲ್ಲಿ, ಹೊಲದವನ ಬಾಯಿಯ ಮಾತಿಗೂ ಕವಿಯ ಮಾತಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ ಪುಸ್ತಕ ಅದು. ಇನ್ನೊಂದನ್ನೂ ನೆನೆಯಬೇಕು. ಕವಿರಾಜಮಾರ್ಗ, ಪಂಪಭಾರತಗಳು ಅಚ್ಚಾದದ್ದು 1898ರಲ್ಲಿ, ಅಂದರೆ ನಿಘಂಟು ಬಂದು ನಾಲ್ಕು ವರ್ಷಗಳ ಮೇಲೆ. ಇಂದು ಕಾಲೇಜಿನ ಹುಡುಗನ ಮೇಜಿನ ಮೇಲಿರುವ ಪಂಪನ ಅಚ್ಚಿನ ಪ್ರತಿ ಕಿಟ್ಟೆಲರ ಮೇಜಿನ ಮೇಲೆ ಇರಲಿಲ್ಲ.

ಈ ಕೆಲಸ ಮಿಶನ್ನಿನಲ್ಲಿ ಎಲ್ಲರಿಗೂ ಹಿಡಿಸಿತೆಂದು ತಿಳಿಯಬಾರದು. ಬೀದಿಯಲ್ಲಿ ನಿಂತು ಬೋಧಿಸಬೇಕಾದವನು ಛಂದಸ್ಸನ್ನು ಹಿಡಿದುಕೊಂಡು ಕುಳಿತಿದ್ದಾನೆಂಬ ಅಸಮಾಧಾನ ಅವರ ಜೊತೆಯವರಲ್ಲಿ ಇದ್ದಿತು. ಕಿಟ್ಟೆಲರು ಏಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ನಮ್ಮ ಛಂದಸ್ಸುಗಳಲ್ಲಿಯೇ ಬರೆದರು. ಅದು ಮಹಾಕಾವ್ಯವೇನೂ ಅಲ್ಲ. ಕಲಿತು ಬರೆದವನ ಎಚ್ಚರ ಅದರಲ್ಲಿ ಹೆಚ್ಚು, ಓಟ ಕಡಮೆ. ಆದರೆ ಕ್ರಿಸ್ತನ ಕಥೆ ಕನ್ನಡದಲ್ಲಿ ಬರಬೇಕಾದರೆ ಜರ್ಮನ್ ರಾಗದ ಕೀರ್ತನೆಯಾಗಿಯೇ ಬರಬೇಕಾಗಿಲ್ಲ ಎಂಬ ಯೋಚನೆ ಒಬ್ಬ ಪರದೇಶಿಗೆ ಹೊಳೆಯಿತಲ್ಲ, ಅದು ದೊಡ್ಡದು.

ಇತರ ಕೆಲಸಗಳ ಹೆಸರನ್ನಷ್ಟೇ ಹೇಳುತ್ತೇನೆ. ತುಳುವಿಗೆ ಬ್ರಿಗೆಲರ ವ್ಯಾಕರಣ 1872ರಲ್ಲಿ, ಮೆನ್ನರರ ನಿಘಂಟು 1886ರಲ್ಲಿ ಬಂದವು. ಮೈಸೂರಿನಲ್ಲಿ ವೆಸ್ಲಿಯನ್ ಮಿಶನ್ನಿನವರು 1887ರಲ್ಲಿ 'ವೃತ್ತಾಂತಪತ್ರಿಕೆ'ಯನ್ನು ತೆಗೆದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಸಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಸಂಪಾದಿಸಿದ ಪದ್ಯಪುಸ್ತಕಗಳು ಅಚ್ಚಾದದ್ದೂ ಬಾಸೆಲ್ ಮಿಶನ್ನಿನಲ್ಲಿಯೇ. ಅಷ್ಟು ಹೊತ್ತಿಗೆ ಆ ಅಚ್ಚುಕೂಟ ಪಾದ್ರಿಗಳದೆಂಬುದನ್ನು ಜನ ಮರೆತೇಬಿಟ್ಟಿದ್ದರು.

ಮೊದಲನೆಯ ಮಹಾಯುದ್ಧ ಬಂದಿತು. ಜರ್ಮನರು ಇಂಗ್ಲಿಷರಿಗೆ ಶತ್ರುಗಳಾದುದರಿಂದ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಸರಕಾರ ಬಂಧನದಲ್ಲಿಟ್ಟಿತು. ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಎಂಬತ್ತು ವರ್ಷ ಬಿಳಿಯರು ನಡೆಸಿದ್ದ ಸಭೆಗಳ ಭಾರ ಈ ನೆಲದವರ ಹೆಗಲಿಗೆ ಬಂದಿತು. ಉತ್ತಂಗಿ ಚನ್ನಪ್ಪನವರು ಈ ಸಂಧಿಕಾಲದವರು.

1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಶನ್ ದೇವಜ್ಞಾನ ಶಾಲೆಯಲ್ಲಿ ಓದಿ, ಪಾದ್ರಿಯಾದವರು. 1921ರಲ್ಲಿ ಅವರು ಒಂದು ಪುಸ್ತಕ ಬರೆದರು. ಅದರ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಈ ಹೆಸರಿನ ಕಡೆಯ ಶಬ್ದದ ಮೇಲೆ ನನ್ನ ಕಣ್ಣು ಪ್ರತಿಸಲವೂ ನಿಲ್ಲುತ್ತದೆ. ವಿನಂತಿ! ಮೊದಲಿನ ಮಿಶನರಿಗಳು ನಮ್ಮ ದೇವರುಗಳ ವಿಷಯ ಬರೆಯುವಾಗ ಖಂಡನೆ, ಎಚ್ಚರಿಕೆ, ಬೋಧನೆ ಎಲ್ಲವೂ ಇದ್ದವು. ಬಾಗಿಲಲ್ಲಿ ನಿಂತು ಕೇಳಿಕೊಳ್ಳುವವನ ದನಿ ಇರಲಿಲ್ಲ. ಮನೆಯವನಿಗೆ ಮಾತ್ರ ಆ ದನಿ ಬರುತ್ತದೆ, ಏಕೆಂದರೆ ಅವನು ಅದೇ ಕೇರಿಯಲ್ಲಿ ನಾಳೆಯೂ ಬಾಳಬೇಕು.

ಮೂರು ವರ್ಷ ಕಳೆದು, 1924ರಲ್ಲಿ, ಸರ್ವಜ್ಞನ ವಚನಗಳು ಬಂದವು. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಬಂದದ್ದು 1923ರಲ್ಲಿ. ಒಬ್ಬರು ವಿಜಾಪುರದ ಲಿಂಗವಂತ ವಕೀಲರು, ಇನ್ನೊಬ್ಬರು ಕ್ರೈಸ್ತ ಪಾದ್ರಿ. ಇಬ್ಬರೂ ಒಂದೇ ಕಾಲದಲ್ಲಿ ಹಳ್ಳಿಗಳನ್ನು ಅಲೆದು ಒಂದೇ ಜನರ ಮಾತನ್ನು ಕೂಡಿಹಾಕುತ್ತಿದ್ದರು. ಸರ್ವಜ್ಞನ ಹೆಸರಿನಲ್ಲಿ ಇಂದು ಸುಮಾರು 2000 ತ್ರಿಪದಿಗಳು ಸಿಗುತ್ತವೆ. ಅವು ಗ್ರಂಥದಲ್ಲಿ ಮಲಗಿದ್ದ ಪದ್ಯಗಳಲ್ಲ; ಸಂತೆಯಲ್ಲಿ, ಚಾವಡಿಯಲ್ಲಿ, ಕಣದಲ್ಲಿ ಚದರಿಹೋಗಿದ್ದಂಥವು. ಒಂದೊಂದು ಊರಿನಲ್ಲಿ ಒಂದೊಂದು ಪಾಠ. ಕೆಲವು ಸರ್ವಜ್ಞನವಲ್ಲ, ಯಾರೋ ಬುದ್ಧಿವಂತರು ಕಟ್ಟಿ ಕೊನೆಗೆ ಅವನ ಹೆಸರು ಸೇರಿಸಿದ್ದು. ಇವನ್ನು ಆರಿಸಿ, ತಿದ್ದಿ, ಸಾಲಾಗಿ ಇಡುವುದೆಂದರೆ ಕಾಳಿನ ರಾಶಿಯಲ್ಲಿ ಹರಳು ಹೆಕ್ಕಿದಂತೆ. ಬೆನ್ನು ನೋಯುವ ಕೆಲಸ, ಹೆಸರು ತರದ ಕೆಲಸ.

ಪಾದ್ರಿಯೊಬ್ಬರಿಗೆ ಸರ್ವಜ್ಞ ಏಕೆ ಬೇಕಾದ? ಜಾತಿಯನ್ನೂ ಡಾಂಭಿಕತನವನ್ನೂ ಹಳಿದವನೆಂದು ಒಲಿದಿರಬಹುದು. ಹಾಗೆಂದು ನಾನೂ ಕೆಲಕಾಲ ನಂಬಿದ್ದೆ. ಆದರೆ ಬರಿಯ ಅಷ್ಟೇ ಆಗಿದ್ದರೆ ತಮಗೆ ಬೇಕಾದ ಐವತ್ತು ವಚನಗಳನ್ನು ಆರಿಸಿ ಒಂದು ಸಣ್ಣ ಪುಸ್ತಕ ಮಾಡಿದ್ದರೆ ಸಾಕಾಗಿತ್ತು. ಶಿವನನ್ನು ಹೊಗಳಿದ್ದು, ಅಡಿಗೆಯ ರುಚಿ ಹೇಳಿದ್ದು, ಒಗಟು, ಬೈಗುಳ ಎಲ್ಲವನ್ನೂ ಕೂಡಿಡಬೇಕಾಗಿರಲಿಲ್ಲ. ಎಲ್ಲವನ್ನೂ ಇಟ್ಟರೆಂಬುದರಲ್ಲಿಯೇ ಅವರ ಪ್ರಾಮಾಣಿಕತೆ ಇದೆ. ಆಮೇಲೆ ಅವರು ಶರಣರ ಕಡೆಗೆ ತಿರುಗಿದರು. ಸಿದ್ಧರಾಮನ ಸಾಹಿತ್ಯವನ್ನು ಸಂಪಾದಿಸಿದರು. ಅನುಭವ ಮಂಟಪವೆಂಬುದು ನಿಜವಾಗಿ ಇದ್ದಿತೆ, ಕವಿಕಲ್ಪನೆಯೆ ಎಂಬ ವಾದ ಎದ್ದಾಗ, ಇದ್ದಿತೆಂಬ ಪಕ್ಷ ಹಿಡಿದು 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಪುಸ್ತಕ ಬರೆದವರು ಈ ಪಾದ್ರಿ! ಬಸವಣ್ಣನವರ ಪರವಾಗಿ ಸಾಕ್ಷಿ ಹೇಳಲು ಕ್ರೈಸ್ತರೊಬ್ಬರು ಕಟಕಟೆ ಹತ್ತಿದ ಈ ಸಂಗತಿಗೆ ಬೇರೆ ನಾಡಿನಲ್ಲಿ ಜೋಡಿ ಇದೆಯೋ ಇಲ್ಲವೋ ನಾನರಿಯೆ.

1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರ್ಗಿಯಲ್ಲಿ ಸೇರಿತು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಷ್ಟೇ ನಿಜಾಮನ ಆಳಿಕೆ ಮುಗಿದಿದ್ದ ಊರು ಅದು. ಅಲ್ಲಿ ಅಧ್ಯಕ್ಷಪೀಠದಲ್ಲಿ ಕುಳಿತವರು ಉತ್ತಂಗಿ ಚನ್ನಪ್ಪನವರು. ಅವರು 1962ರಲ್ಲಿ ತೀರಿಕೊಂಡರು. ಕಡೆಯವರೆಗೂ ಕ್ರೈಸ್ತರಾಗಿಯೇ ಇದ್ದರು. ತಮ್ಮವರಲ್ಲಿ ಕೆಲವರಿಗೆ ಅವರು ಅತಿಯಾಗಿ ಹಿಂದೂವಿನಂತೆಯೂ ಹೊರಗಿನ ಕೆಲವರಿಗೆ ಏನಾದರೂ ಪಾದ್ರಿಯೇ ಎಂಬಂತೆಯೂ ಕಂಡಿದ್ದರೆ ಆಶ್ಚರ್ಯವಿಲ್ಲ. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಕುಳಿತವನಿಗೆ ಎರಡೂ ಕಡೆಯ ಕಲ್ಲು ತಾಗುತ್ತದೆ.

ಇನ್ನು ನನ್ನ ಹಳೆಯ ಆಕ್ಷೇಪಣೆಗೆ ಬರುತ್ತೇನೆ. ಇದೆಲ್ಲ ಮತಪ್ರಚಾರಕ್ಕಾಗಿ ತಾನೆ? ಹೌದು, ಮೊದಲಾದದ್ದು ಅದಕ್ಕಾಗಿಯೇ. ಅವರು ಅದನ್ನು ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ಭಾಷೆಯನ್ನು ನಿಜವಾಗಿ ಕಲಿಯಹೊರಟವನು ಹೊರಟ ಕಡೆಗೇ ಹೋಗಿ ಮುಟ್ಟುತ್ತಾನೆಂಬ ಭರವಸೆ ಇಲ್ಲ. ಮೊಗ್ಲಿಂಗರು ಮಂಗಳೂರಿಗೆ ಕ್ರಿಸ್ತನನ್ನು ತಂದರು, ಟ್ಯೂಬಿಂಗೆನ್ನಿಗೆ ಪುರಂದರದಾಸರನ್ನು ಒಯ್ದರು. ಕಿಟ್ಟೆಲರ ನಿಘಂಟನ್ನು ಮತಾಂತರವಾಗಲು ಯಾರೂ ಓದಲಿಲ್ಲ. ಅದನ್ನು ಪರಿಷ್ಕರಿಸಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಹೊರತಂದವರು ದಕ್ಷಿಣ ಕನ್ನಡದ ಮರಿಯಪ್ಪ ಭಟ್ಟರು. ಉತ್ತಂಗಿಯವರ ಸರ್ವಜ್ಞನನ್ನು ಓದಿ ನಾನು ಪಾದ್ರಿಗಳನ್ನೇ ಬೈದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇರೇನು ಬೇಕು?

ಅಜ್ಜ ತೀರಿಕೊಂಡ ಮೇಲೆ ಆ ನಿಘಂಟು ನನ್ನ ಪಾಲಿಗೆ ಬಂದಿತು. ಬೆನ್ನು ಕಿತ್ತಿದೆ, ಮೊದಲ ಕೆಲವು ಹಾಳೆಗಳನ್ನು ಗೆದ್ದಲು ತಿಂದಿದೆ. ಒಳಗೆ ಪುಟಪುಟದ ಅಂಚಿನಲ್ಲಿ ಅಜ್ಜನ ಸೀಸದಕಡ್ಡಿಯ ಬರಹ. ಬಂಡಿಯ ಭಾಗಗಳು, ಹೊಲದ ಕೆಲಸ, ದನದ ಬಣ್ಣ, ಇಂಥ ಮಾತುಗಳ ಬಳಿಯಲ್ಲಿ ಅವರು ಕಿಟ್ಟೆಲರೊಡನೆ ಜಗಳವಾಡಿದ್ದಾರೆ. ಒಂದು ಕಡೆ 'ನಮ್ಮಲ್ಲಿ ಹೀಗಲ್ಲ' ಎಂದಿದೆ. ಇನ್ನೊಂದು ಕಡೆ 'ಸರಿ'. ಮತ್ತೊಂದು ಕಡೆ, 'ಈ ಗಾದೆಯ ಉತ್ತರಾರ್ಧ ಬಿಟ್ಟಿದ್ದಾರೆ' ಎಂದು ಬರೆದು ತಾವೇ ತುಂಬಿಸಿದ್ದಾರೆ. ದಾಸರ ಪದದಲ್ಲಿ ಬರುವ ಒಂದು ಮಾತಿನ ಎದುರಿಗೆ ಸಣ್ಣ ಅಕ್ಷರದಲ್ಲಿ ನಮ್ಮ ಅಜ್ಜಿಯ ಹೆಸರು ಬರೆದು, 'ಇವಳು ಹೇಳಿದ ಅರ್ಥ' ಎಂದು ಗುರುತು ಹಾಕಿದ್ದಾರೆ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ತನ್ನ ಹೆಸರು ಆ ಪುಸ್ತಕದೊಳಗೆ ಇದೆಯೆಂಬುದು ಅವಳಿಗೆ ಗೊತ್ತಿದ್ದಿತೋ ಇಲ್ಲವೋ, ಕೇಳುವುದು ನನಗೆ ತೋಚಲಿಲ್ಲ.